ಪದಚರ್ಚೆ: ಇಮ್ಯೂನ್ ರೆಸ್ಪಾನ್ಸ್‌ಗೆ ‘ರೋಗನಿರೋಧಕ ಶಕ್ತಿ’ ಸಾಕಾ?

ಎಲ್ಲರಿಗೂ ನಮಸ್ಕಾರ. ಒಂದು ಸಾಲು ತುರ್ತಾಗಿ ಸರಿಮಾಡಿಕೊಡಬೇಕು. ಮಂಡ್ಯ ಹತ್ತಿರದ ಹಳ್ಳಿಯಲ್ಲಿ ಭಾನುವಾರ ಆರೋಗ್ಯ ಶಿಬಿರ ಇದೆ, ಫ್ಲೆಕ್ಸ್ ಬರೆದುಕೊಡುವ ಕೆಲಸ ನನ್ನದು. ವಿ.ವಿ. ರಸ್ತೆಯ ಅಂಗಡಿಯವರು ನಾಳೆ ಬೆಳಿಗ್ಗೆಯೇ ಮ್ಯಾಟರ್ ಕೇಳಿದ್ದಾರೆ. ಡಾಕ್ಟರ್ ಕೊಟ್ಟ ಇಂಗ್ಲಿಷ್ ಸಾಲಿನಲ್ಲಿ ‘ಗಟ್ ಬ್ಯಾಕ್ಟೀರಿಯಾ’, ‘ಇಮ್ಯೂನ್ ರೆಸ್ಪಾನ್ಸ್’ (ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆ) ಎರಡೂ ಇವೆ. ನಾನು ಬರೆದದ್ದು ಇದು: ‘ಕರುಳಿನ ಬ್ಯಾಕ್ಟೀರಿಯಾಗಳು ಸೋಂಕಿನ ವಿರುದ್ಧ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತವೆ.’ ಸರಿ ಇದೆಯಾ?

ಮೈಸೂರಿನಿಂದ:
ಬ್ಯಾಕ್ಟೀರಿಯಾ ಯಾಕೆ? ‘ದಂಡಾಣು’ ಇದೆ. ಮೂಲ ಗ್ರೀಕ್ ಪದಕ್ಕೂ ಸಣ್ಣ ಕೋಲು ಅಂತಲೇ ಅರ್ಥ. ರೋಗನಿರೋಧಕ ಅನ್ನುವುದು ಸರ್ಕಾರಿ ಕನ್ನಡ, ‘ಮೈಕಾಪು’ ಅನ್ನಿ. ನಾವೇ ಬಳಸದಿದ್ದರೆ ಈ ಪದಗಳು ಬೆಳೆಯುವುದು ಹೇಗೆ?

ಮತ್ತೊಬ್ಬರು, ಮೈಸೂರಿನಿಂದಲೇ:
‘ದಂಡಾಣು’ ಒಪ್ಪಲ್ಲ ಸಾರ್. ದಂಡವೂ ಸಂಸ್ಕೃತ, ಅಣುವೂ ಸಂಸ್ಕೃತ. ಇಂಗ್ಲಿಷಿನಿಂದ ತಂದರೆ ಎರವಲು, ಸಂಸ್ಕೃತದಿಂದ ತಂದರೆ ಮನೆಯದು ಅನ್ನುವ ಲೆಕ್ಕ ನನಗೆ ಯಾವತ್ತೂ ಹಿಡಿಸಿಲ್ಲ. ಸಾಲದ್ದಕ್ಕೆ ಕರುಳಿನಲ್ಲಿ ದುಂಡಗಿನ ಬ್ಯಾಕ್ಟೀರಿಯಾ ಕೂಡ ಇವೆ, ಅವನ್ನು ಕೋಲು ಅನ್ನುವುದು ಹೇಗೆ? ‘ಮೈಕಾಪು’ ಯಾರ ಬಾಯಲ್ಲೂ ಇಲ್ಲ. ‘ಸೋಂಕು’ ನೋಡಿ, ಅದು ಅಚ್ಚಗನ್ನಡ. ಹಳಗನ್ನಡದಲ್ಲಿ ಗಾಳಿ ಸೋಂಕುತ್ತಿತ್ತು, ಅಂದರೆ ತಾಗುತ್ತಿತ್ತು. ಅದೇ ಪದ ಇನ್ಫೆಕ್ಷನ್‌ಗೆ ಗಟ್ಟಿಯಾಗಿ ನಿಂತಿದೆ, ಜನ ಎತ್ತಿಕೊಂಡರು ಅಷ್ಟೇ.

ಮೇಡಂ, ನಿಮ್ಮ ಸಾಲಿನ ತೊಂದರೆ ಇರುವುದು ‘ಶಕ್ತಿ’, ‘ಹೆಚ್ಚಿಸುತ್ತವೆ’ ಈ ಎರಡರಲ್ಲಿ. ಶಕ್ತಿ ಅಂದ ತಕ್ಷಣ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ವಿಷಯ ಹಾಗಿಲ್ಲ. ಸೊಪ್ಪು, ಕಾಳಿನ ನಾರು ನಮಗೆ ಅರಗುವುದಿಲ್ಲ. ದೊಡ್ಡಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸಿ ಬ್ಯುಟಿರೇಟ್‌ನಂಥ ಆಮ್ಲ ಮಾಡುತ್ತವೆ. ಟಿ ಕೋಶ ಅಂತ ಬಿಳಿ ರಕ್ತಕಣಗಳಿವೆ, ಅವುಗಳಲ್ಲಿ ಸೋಂಕನ್ನು ಎದುರಿಸುವವೂ ಇವೆ, ರೋಗನಿರೋಧಕ ವ್ಯವಸ್ಥೆಯನ್ನು ತಣ್ಣಗಿಡುವವೂ ಇವೆ. ಆ ಬ್ಯುಟಿರೇಟ್ ತಣ್ಣಗಿಡುವ ಟಿ ಕೋಶಗಳನ್ನು ಬೆಳೆಸುತ್ತದೆ. ಅಂದರೆ ಇಲ್ಲಿ ಬ್ಯಾಕ್ಟೀರಿಯಾ ಮಾಡುತ್ತಿರುವುದು ತಡೆಯುವ ಕೆಲಸ. ಇನ್ನೊಂದು ಕಡೆ ಅವೇ ಎಚ್ಚರಿಸುತ್ತವೆ ಕೂಡ. ಬ್ಯಾಕ್ಟೀರಿಯಾನೇ ಇಲ್ಲದ ಹಾಗೆ ಲ್ಯಾಬಿನಲ್ಲಿ ಸಾಕಿದ ಇಲಿಗಳ ಕರುಳಿನಲ್ಲಿ ಪ್ರತಿಕಾಯ, ಅಂದರೆ ಸೋಂಕನ್ನು ಎದುರಿಸುವ ಪ್ರೋಟೀನ್, ತೀರಾ ಕಡಿಮೆ. 2011ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇಲಿಗಳಿಗೆ ಆಂಟಿಬಯೋಟಿಕ್ ಕುಡಿಸಿ, ಆಮೇಲೆ ಫ್ಲೂ ವೈರಸ್ ತಗುಲಿಸಿ ನೋಡಿದರು. ರೋಗ ಬಂದದ್ದು ಶ್ವಾಸಕೋಶಕ್ಕೆ, ಬ್ಯಾಕ್ಟೀರಿಯಾ ಸತ್ತದ್ದು ಕರುಳಿನಲ್ಲಿ, ಆದರೂ ವೈರಸ್ಸನ್ನು ಎದುರಿಸುವ ಪ್ರತಿಕಾಯ, ಟಿ ಕೋಶ ಎರಡೂ ಸರಿಯಾಗಿ ಬರಲಿಲ್ಲ. ಕರುಳಿಗೂ ಶ್ವಾಸಕೋಶಕ್ಕೂ ಇಷ್ಟು ನಂಟು!

ಹಾಗಾಗಿ ಕ್ರಿಯಾಪದ ‘ಪಳಗಿಸು’ ಆಗಲಿ. ‘ಪ್ರಭಾವ ಬೀರುತ್ತವೆ’ ಅಂದರೆ ಏನೂ ಹೇಳಿದಂತಾಗಲ್ಲ. ಮಾವುತರು ಆನೆ ಪಳಗಿಸಿದರು ಅಂದಾಗ ಆನೆಗೆ ಬಲ ಹೆಚ್ಚಿತು ಅಂತ ಯಾರೂ ತಿಳಿಯುವುದಿಲ್ಲ, ಎಲ್ಲಿ ನುಗ್ಗಬೇಕು, ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಾಯಿತು ಅಂತ ತಿಳಿಯುತ್ತಾರೆ. ಹೀಗೆ ಬರೆಯಿರಿ:

‘ಕರುಳಿನ ಬ್ಯಾಕ್ಟೀರಿಯಾಗಳು ಸೋಂಕನ್ನು ಎದುರಿಸಲು ಮೈಯನ್ನು ಪಳಗಿಸುತ್ತವೆ. ಡಾಕ್ಟರ್ ಹೇಳದೆ ಆಂಟಿಬಯೋಟಿಕ್ ನುಂಗಬೇಡಿ.’

ಎರಡನೇ ಸಾಲು ದಯವಿಟ್ಟು ಬಿಡಬೇಡಿ. ನೆಗಡಿಗೂ ಮೆಡಿಕಲ್ ಸ್ಟೋರಿನಿಂದ ಆಂಟಿಬಯೋಟಿಕ್ ತಂದು ಎರಡು ದಿನ ನುಂಗಿ ಬಿಡುವವರು ನಮ್ಮ ಕಡೆ ಬಹಳ ಇದ್ದಾರೆ. ನೆಗಡಿ ವೈರಸ್ಸಿನದು, ಅದಕ್ಕೆ ಆ ಮಾತ್ರೆ ತಟ್ಟುವುದೇ ಇಲ್ಲ. ಪೆಟ್ಟು ಬೀಳುವುದು ಕರುಳಿನ ಬ್ಯಾಕ್ಟೀರಿಯಾಗೆ. ಮತ್ತೆ ‘ರೋಗಾಣು’, ‘ಕ್ರಿಮಿ’ ಎಲ್ಲೂ ಹಾಕಬೇಡಿ, ಓದಿದವರು ಜಂತುಹುಳದ ಮಾತ್ರೆ ಕೇಳುತ್ತಾರೆ.

ಮೊದಲ ಮೈಸೂರಿನವರು:
‘ಪಳಗಿಸು’ ಒಪ್ಪಿದೆ. ‘ಬ್ಯಾಕ್ಟೀರಿಯಾಗಳು’ ಒಪ್ಪಿಲ್ಲ. ಇಂಗ್ಲಿಷಿನಲ್ಲಿ ಅದು ಆಗಲೇ ಬಹುವಚನ, ಮೇಲೆ ಇನ್ನೊಂದು ‘ಗಳು’ ಯಾಕೆ? ಎರವಲು ತರುವವರು ಸರಿಯಾಗಿ ತರಲಿ.

ಎರಡನೆಯವರು:
ಅಲ್ಲಿಯ ಬಹುವಚನ ಕಟ್ಟಿಕೊಂಡು ನಮಗೇನು ಸಾರ್? ‘ಒಂದು ಬ್ಯಾಕ್ಟೀರಿಯಾ’ ಅಂತ ಎಲ್ಲರೂ ಅನ್ನುತ್ತಾರೆ. ಕನ್ನಡದಲ್ಲಿ ಅದು ಏಕವಚನವೇ.

ಮಂಡ್ಯದಿಂದ:
ಇಬ್ಬರಿಗೂ ಧನ್ಯವಾದ. ‘ಗಳು’ ಇಟ್ಟುಕೊಂಡಿದ್ದೇನೆ. ಡಾಕ್ಟರ್ ‘ಮೈ’ ಬದಲು ‘ದೇಹ’ ಇರಲಿ ಅಂದರು, ಪಳಗಿಸುವುದಕ್ಕೆ ತಕರಾರಿಲ್ಲವಂತೆ. ಆಂಟಿಬಯೋಟಿಕ್ ಸಾಲು ಕೆಂಪಕ್ಷರದಲ್ಲಿ ದೊಡ್ಡದಾಗಿ ಬರುತ್ತದೆ. ಮ್ಯಾಟರ್ ಕಳಿಸಿದ್ದಾಯಿತು.