ಬೇಸ್ ಕ್ಲಾಸ್‌ನ ವ್ಯಾಲ್ಯೂ ಡಿರೈವ್ಡ್ ಕ್ಲಾಸ್‌ಗೆ ಬರುತ್ತಿಲ್ಲ, ತಲೆ ಕೆಟ್ಟಿದೆ

ತೋಟದಮನೆ (ಹೊಸನಗರ), ರಾತ್ರಿ 10.42
ಎರಡು ದಿನದಿಂದ ಇದೇ ಗೋಳು. ಶಿವಮೊಗ್ಗದಲ್ಲಿರುವ ಮಾವನ ಅಡಿಕೆ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. 'ಚೀಲ' ಅಂತ ಒಂದು ಕ್ಲಾಸ್ (ಮಾಹಿತಿಯ ಅಚ್ಚು), ಅದೇ ಬೇಸ್. ಅದರಲ್ಲಿ ತೂಕ, ಬೆಳೆಗಾರರ ಹೆಸರು, ಅಡಿಕೆ ರಾಶಿಯೋ ಬೆಟ್ಟೆಯೋ ಅನ್ನುವ ಬಗೆ ಇದೆ. ಅದರಿಂದ ಹುಟ್ಟಿದ ಡಿರೈವ್ಡ್ ಕ್ಲಾಸ್ 'ಮಾರಿದಚೀಲ'. ಅದಕ್ಕೆ ದರ, ಖರೀದಿದಾರ ಸೇರುತ್ತದೆ. ಮಾರಾಟವಾದ ಕೂಡಲೇ ಚೀಲವನ್ನು ಮಾರಿದಚೀಲ ಮಾಡಬೇಕು. ಕಾಸ್ಟ್ ಮಾಡಿದೆ, ಅಂದರೆ ಚೀಲವನ್ನೇ ಮಾರಿದಚೀಲ ಅಂತ ನೋಡು ಎಂದು ಬರೆದೆ. ಕಂಪೈಲ್ ಆಗುತ್ತದೆ, ಓಡಿಸಿದರೆ ಬೀಳುತ್ತದೆ. ನಾಳೆ ಮಾವ ನೋಡಲು ಬರುತ್ತಾರೆ. ಬೇಗ ಹೇಳಿ.

ತುಂಗಾತೀರ, 10.50
ಆಬ್ಜೆಕ್ಟ್ ಸ್ಲೈಸಿಂಗ್, ಡಿರೈವ್ಡ್‌ನ ಹೆಚ್ಚುವರಿ ಭಾಗ ಕತ್ತರಿಸಿ ಹೋಗಿದೆ. ನೂರಕ್ಕೆ ನೂರು. ವ್ಯಾಲ್ಯೂ ಬದಲು ಪಾಯಿಂಟರ್ (ಅದರ ಮೆಮೊರಿ ವಿಳಾಸ) ಬಳಸಿ.

ಕಾನುಬೈಲು, 10.57
ಮೊದಲು ಯಾವ ಭಾಷೆ ಅಂತ ಕೇಳಿ ಮಾರಾಯ್ರೆ. ಅದೂ ಅಲ್ಲದೆ ಸ್ಲೈಸಿಂಗ್ ಆಗುವುದು ಡಿರೈವ್ಡ್ ಅನ್ನು ಬೇಸ್‌ಗೆ ಹಾಕಿದಾಗ. ಇವರದ್ದು ಉಲ್ಟಾ.

ತುಂಗಾತೀರ, 11.01
ಸಿ ಪ್ಲಸ್ ಪ್ಲಸ್ ಅಂತಲೇ ಅಂದುಕೊಂಡೆ. ಆದರೂ ಪಾಯಿಂಟರ್ ಒಮ್ಮೆ ನೋಡಿ.

ತೋಟದಮನೆ, 11.04
ಸಿ ಶಾರ್ಪ್. ಗೊತ್ತಿರುತ್ತದೆ ಅಂದುಕೊಂಡಿದ್ದೆ. ಬರುತ್ತಿರುವುದು ಇನ್‌ವ್ಯಾಲಿಡ್ ಕಾಸ್ಟ್ ಎಕ್ಸೆಪ್ಷನ್.

ಕಾನುಬೈಲು, 11.12
ಬರಲೇಬೇಕು. ಗೊರಬಲು ಅನ್ನುವ ಬಗೆಯ ಅಡಿಕೆ ಚೀಲದ ಮೇಲೆ ರಾಶಿ ಅಂತ ಚೀಟಿ ಅಂಟಿಸಿದರೆ ಒಳಗಿನ ಅಡಿಕೆ ರಾಶಿ ಆಗುತ್ತಾ? ಕಾಸ್ಟ್ ಅಂದರೆ ಬರೀ ಚೀಟಿ. ಮೆಮೊರಿಯಲ್ಲಿ ಇರುವುದು ಚೀಲ ಮಾತ್ರ, ಅದರಲ್ಲಿ ದರಕ್ಕೆ ಜಾಗವೇ ಇಲ್ಲ. ಹೊಸ ಮಾರಿದಚೀಲ ಕಟ್ಟಿ, ಹಳೆಯದರಿಂದ ವ್ಯಾಲ್ಯೂ ನಕಲು ಮಾಡಬೇಕು.

ಬಿಟ್‌ಬೆಟ್ಟ, 11.15
ಇಷ್ಟಕ್ಕೆ ಯಾಕೆ ಒದ್ದಾಟ? ಚೀಲವನ್ನು ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆಯುವ ಬಗೆ) ಮಾಡಿ, ಅದೇ ಜೇಸನ್ನನ್ನು ಮಾರಿದಚೀಲ ಆಗಿ ಓದಿ. ಎರಡು ಸಾಲು.

ತೋಟದಮನೆ, 11.31
ಮಾಡಿದೆ. ಬೀಳುತ್ತಿಲ್ಲ. ಆದರೆ 65 ಕೆಜಿ ಚೀಲದ ತೂಕ 0 ತೋರಿಸುತ್ತಿದೆ! ಬೆಳೆಗಾರರ ಹೆಸರೂ ಖಾಲಿ.

ಬಿಟ್‌ಬೆಟ್ಟ, 11.34
ಹೆಸರಿನ ಅಕ್ಷರ ದೊಡ್ಡದು ಚಿಕ್ಕದು ತಪ್ಪಿರಬೇಕು. ಕೇಸ್ ಇನ್‌ಸೆನ್ಸಿಟಿವ್ ಆಪ್ಷನ್ ಹಾಕಿ.

ತೋಟದಮನೆ, 11.40
ಹಾಕಿದೆ. 0.

ಬಿಟ್‌ಬೆಟ್ಟ, 11.41
ಹಾಗಾದರೆ ಲೈಬ್ರರಿ ಬದಲಿಸಿ. ಜೇಸನ್ ತಪ್ಪುವುದಿಲ್ಲ.

ರೆಕಾರ್ಡ್‌ಪ್ರಿಯ, 11.44
2020ರಲ್ಲಿ ಸಿ ಶಾರ್ಪ್ 9 ಬಂದಾಗಿನಿಂದ ರೆಕಾರ್ಡ್ ಅನ್ನುವ ಬಗೆಯ ಕ್ಲಾಸ್ ಇದೆ. 'ವಿತ್' ಹಾಕಿ ನಕಲು ಮಾಡಿ, ಮುಗಿಯಿತು.

ಕಾನುಬೈಲು, 11.52
ಮುಗಿಯುವುದಿಲ್ಲ. ಚೀಲಕ್ಕೆ 'ವಿತ್' ಹಾಕಿದರೆ ಸಿಗುವುದು ಇನ್ನೊಂದು ಚೀಲ. ಇದ್ದದ್ದನ್ನು ಹಾಗೇ ನಕಲು ಮಾಡುವ ಮೆಂಬರ್‌ವೈಸ್ ಕ್ಲೋನ್ ಕತೆಯೂ ಅದೇ.
ತೋಟದಮನೆಯವರೇ, ತೂಕದ ಸೆಟ್ಟರ್ (ವ್ಯಾಲ್ಯೂ ಬರೆಯುವ ದಾರಿ) ಪ್ರೈವೇಟ್ ಇದೆಯಾ, ಅಂದರೆ ಕ್ಲಾಸ್‌ನ ಹೊರಗಿನಿಂದ ಬರೆಯಲಾಗದಂತೆ?

ತೋಟದಮನೆ, 11.55
ಹೌದು, ಎಲ್ಲವೂ ಪ್ರೈವೇಟ್ ಸೆಟ್. ಒಮ್ಮೆ ತೂಗಿದ ಮೇಲೆ ಯಾರೂ ತಿದ್ದಬಾರದು ಅಂತ ಮಾವನ ಕಟ್ಟಪ್ಪಣೆ.

ಕಾನುಬೈಲು, ರಾತ್ರಿ 12.08
ಇದನ್ನು 10.42ಕ್ಕೇ ಹೇಳಬಾರದಿತ್ತಾ! ಪ್ರೈವೇಟ್ ಸೆಟ್ಟರ್ ಇದ್ದರೆ ಜೇಸನ್ ಸುಮ್ನೆ ಬಿಟ್ಟು ಹೋಗುತ್ತದೆ, ಎರರ್ ಕೂಡ ಕೊಡುವುದಿಲ್ಲ. ಅದಕ್ಕೇ ಸೊನ್ನೆ.
ಹೀಗೆ ಮಾಡಿ. ಚೀಲದಲ್ಲೇ ಒಂದು ಪ್ರೊಟೆಕ್ಟೆಡ್ ಕನ್‌ಸ್ಟ್ರಕ್ಟರ್ (ಚೀಲ ಮತ್ತು ಅದರ ಡಿರೈವ್ಡ್ ಕ್ಲಾಸ್ ಮಾತ್ರ ಬಳಸಬಹುದಾದ, ಹೊಸದನ್ನು ಕಟ್ಟುವ ಕೋಡ್) ಬರೆಯಿರಿ. ಅದು ಇನ್ನೊಂದು ಚೀಲವನ್ನು ತೆಗೆದುಕೊಂಡು ಎಲ್ಲ ವ್ಯಾಲ್ಯೂ ನಕಲು ಮಾಡಲಿ. ಒಂದೇ ಕ್ಲಾಸ್‌ನ ಒಳಗೆ ಪ್ರೈವೇಟ್ ಅಡ್ಡ ಬರುವುದಿಲ್ಲ. ಮಾರಿದಚೀಲದ ಕನ್‌ಸ್ಟ್ರಕ್ಟರ್ ಚೀಲ, ದರ, ಖರೀದಿದಾರ ಮೂರನ್ನೂ ತೆಗೆದುಕೊಂಡು ಚೀಲವನ್ನು 'ಬೇಸ್'ಗೆ ದಾಟಿಸಲಿ. ಹತ್ತು ಸಾಲು ಆಗುವುದಿಲ್ಲ.

ಬಿಟ್‌ಬೆಟ್ಟ, 12.11
ಇಷ್ಟು ಬರೆಯುವ ಬದಲು ಪ್ರೈವೇಟ್ ಸೆಟ್ಟರ್ ಇದ್ದರೂ ಬಿಡಬೇಡ ಅನ್ನುವ ಜೇಸನ್ ಇನ್‌ಕ್ಲೂಡ್ ಆಟ್ರಿಬ್ಯೂಟ್ ಹಾಕಿದರೂ ಆಗುತ್ತಿತ್ತು. ನನ್ನ ರೈಜೆನ್ ಕಂಪ್ಯೂಟರ್, 32 ಜಿಬಿ ರ‍್ಯಾಮ್‌ನಲ್ಲಿ ಜೇಸನ್ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ.

ತುಂಗಾತೀರ, 12.14
ನಮ್ಮ ತೀರ್ಥಹಳ್ಳಿ ಮಳೆಯಲ್ಲಿ ರೈಜೆನ್‌ಗೆ ಕರೆಂಟ್ ಎಲ್ಲಿಂದ ಬರುತ್ತದೆ? ನನ್ನ ಹಳೇ ಥಿಂಕ್‌ಪ್ಯಾಡೇ ವಾಸಿ.

ಬಿಟ್‌ಬೆಟ್ಟ, 12.15
ಇನ್ವರ್ಟರ್ ಇದೆ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ.

ಹಳೇಬೇರು (ಸಾಗರ), 12.20
ಯಾರೂ ಮುಖ್ಯ ವಿಷಯ ಕೇಳಲೇ ಇಲ್ಲ. ಮಾರಿದರೆ ಚೀಲ ಬೇರೆ ಜಾತಿ ಆಗುತ್ತದಾ? ಅದೇ ಚೀಲ ತಾನೇ. 'ಮಾರಾಟ' ಅಂತ ಬೇರೆ ಕ್ಲಾಸ್ ಮಾಡಿ, ಅದರೊಳಗೆ ಚೀಲ ಇಡಿ. ಒಂದರಿಂದ ಇನ್ನೊಂದು ಕ್ಲಾಸ್ ಹುಟ್ಟಿಸುವ ಇನ್‌ಹೆರಿಟೆನ್ಸೂ ಬೇಡ, ನಕಲೂ ಬೇಡ.

ಕಾನುಬೈಲು, 12.24
ಸರಿ ಸರ್. ಆದರೆ ಬೆಳಗ್ಗೆ ಮಾವ ಬರುತ್ತಾರೆ, ಈಗ ಡಿಸೈನ್ ಪಾಠ ಯಾಕೆ?

ಹಳೇಬೇರು, 12.26
ಅಡಿಪಾಯ ತಪ್ಪಿದ ಮನೆಗೆ ಹೆಂಚು ಹೊದಿಸಿ, ನನಗೇನು.

ತೋಟದಮನೆ, ಬೆಳಗ್ಗೆ 6.35
ಕರೆಂಟ್ ಹೋಗಿತ್ತು. ಕಾನುಬೈಲು ಹೇಳಿದಂತೆ ಕನ್‌ಸ್ಟ್ರಕ್ಟರ್ ಬರೆದೆ. 65 ಕೆಜಿ ಬಂತು! ಆದರೆ ಹೊಸ ತಲೆನೋವು. ಮಾರಿದಚೀಲಕ್ಕೆ ಹಮಾಲಿ ಸೇರಿಸಿದರೆ ಹಳೇ ಚೀಲದಲ್ಲೂ ಹಮಾಲಿ ಕಾಣುತ್ತಿದೆ. ಖರ್ಚಿನದು ಒಂದು ಲಿಸ್ಟ್ ಇದೆ, ಹೇಳಲು ಮರೆತಿದ್ದೆ.

ಕಾನುಬೈಲು, 6.50
ನಿಮ್ಮ ಮರೆವಿಗೆ ಕೈ ಮುಗಿದೆ. ನಕಲಾಗಿದ್ದು ಲಿಸ್ಟ್ ಅಲ್ಲ, ಅದರ ರೆಫರೆನ್ಸ್, ಅಂದರೆ ಅದು ಎಲ್ಲಿದೆ ಅನ್ನುವ ಗುರುತು. ಒಂದೇ ಖಾತೆ ಪುಸ್ತಕಕ್ಕೆ ಇಬ್ಬರು ಬರೆಯುತ್ತಿದ್ದಾರೆ. ಕನ್‌ಸ್ಟ್ರಕ್ಟರ್‌ನಲ್ಲಿ ಹಳೇ ಲಿಸ್ಟ್ ಕೊಟ್ಟು ಹೊಸ ಲಿಸ್ಟ್ ಮಾಡಿ. ಲಿಸ್ಟ್‌ನೊಳಗೆ ಇರುವುದು ಬರೀ ಸಂಖ್ಯೆಯಾದರೆ ಅಷ್ಟೇ ಸಾಕು. ಖರ್ಚು ಅಂತ ಇನ್ನೊಂದು ಕ್ಲಾಸ್ ಇದ್ದರೆ ಪ್ರತಿಯೊಂದನ್ನೂ ಬೇರೆ ನಕಲು ಮಾಡಬೇಕು. ಯಾವುದು?

ತುಂಗಾತೀರ, 7.15
ಬಿಟ್‌ಬೆಟ್ಟ ಅವರೇ, ಆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಫ್ರಿಜ್ ಹಾಕಬಹುದಾ?

ಬಿಟ್‌ಬೆಟ್ಟ, 7.22
ಫ್ರಿಜ್ ಬೇಡ. ಎರಡು ಫ್ಯಾನ್, ಕಂಪ್ಯೂಟರ್ ಸಾಕು. ಫೋಟೋ ಹಾಕುತ್ತೇನೆ ಇರಿ.

ಕಾನುಬೈಲು, ಸಂಜೆ 5.40
ತೋಟದಮನೆ, ಸಂಖ್ಯೆಯಾ ಕ್ಲಾಸಾ? ಮಾವ ಬಂದರಾ?