‘ಡಿಸೈನ್’ಗೆ ವಿನ್ಯಾಸ, ಹೂಟ, ನಡೆಸು: ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

13ನೇ ಶತಮಾನದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ಬರೆದ ಒಂದು ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪದದ ಮುಂದೆ ಎರಡು ದಿನದಿಂದ ಕೂತಿದ್ದೇನೆ.

ದೇವರಿದ್ದಾನೆ ಎಂದು ತೋರಿಸಲು ಆತ ಐದು ದಾರಿ ಹೇಳುತ್ತಾನೆ. ಐದನೆಯದಕ್ಕೆ ಇಂಗ್ಲಿಷಿನಲ್ಲಿ ‘ಡಿಸೈನ್ ಆರ್ಗ್ಯುಮೆಂಟ್’ ಎಂಬ ಹೆಸರು ಅಂಟಿಕೊಂಡಿದೆ. ನಾನೂ ಸುಮ್ನೆ ‘ವಿನ್ಯಾಸವಾದ’ ಎಂದು ಬರೆದುಕೊಂಡು ಮುಂದೆ ಹೋಗಿದ್ದೆ. ಆಮೇಲೆ ಲ್ಯಾಟಿನ್ ಮೂಲ ನೋಡಿದರೆ ಅಲ್ಲಿ ವಿನ್ಯಾಸದ ಸುಳಿವೇ ಇಲ್ಲ! ಈ ದಾರಿ ಹೊರಡುವುದು ‘ಎಕ್ಸ್ ಗುಬೆರ್ನಾತಿಯೋನೆ ರೆರುಂ’ ಎನ್ನುವಲ್ಲಿಂದ. ಅಂದರೆ, ವಸ್ತುಗಳನ್ನು ಯಾರೋ ನಡೆಸುತ್ತಿರುವುದರಿಂದ.

ಅವನ ಮಾತು ಇಷ್ಟು: ಅರಿವಿಲ್ಲದ ವಸ್ತುಗಳೂ ಯಾವಾಗಲೂ, ಇಲ್ಲವೇ ಹೆಚ್ಚಿನ ಸಲ, ಒಂದೇ ರೀತಿ ನಡೆದು ಒಳ್ಳೆಯ ಕೊನೆಯನ್ನೇ ಮುಟ್ಟುತ್ತವೆ. ಇದು ಆಕಸ್ಮಿಕವಲ್ಲ. ಅರಿವಿಲ್ಲದ್ದು ಗುರಿಯ ಕಡೆ ಹೋಗಬೇಕಾದರೆ ಅರಿವುಳ್ಳವನೊಬ್ಬ ಅದನ್ನು ಕಳಿಸಬೇಕು, ಬಿಲ್ಲುಗಾರ ಬಾಣವನ್ನು ಕಳಿಸುವ ಹಾಗೆ.

ಇಲ್ಲಿರುವುದು ಹಾರುತ್ತಿರುವ ಬಾಣ. ವಿನ್ಯಾಸ ಎಂದರೆ ನಮಗೆ ನೆನಪಾಗುವುದು ಸೀರೆಯ ಅಂಚು, ಪುಸ್ತಕದ ಮುಖಪುಟ. ಜೋಡಿಸಿಟ್ಟು ಮುಗಿದ ಕೆಲಸ ಅದು. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಗಡಿಯಾರದ ಹೋಲಿಕೆ ಕೊಟ್ಟ: ಗಡಿಯಾರ ಕಂಡರೆ ಅದನ್ನು ಜೋಡಿಸಿದವನೊಬ್ಬ ಇರಬೇಕು, ಜಗತ್ತಿಗೂ ಹಾಗೆಯೇ ಎಂದು. ಅವನ ವಾದಕ್ಕೆ ‘ವಿನ್ಯಾಸ’ ಚೆನ್ನಾಗಿ ಒಪ್ಪುತ್ತದೆ. ಅದನ್ನೇ 500 ವರ್ಷ ಹಿಂದಕ್ಕೆ ಎಳೆದು ಅಕ್ವಿನಾಸನ ತಲೆಗೆ ಕಟ್ಟುವುದು ಸರಿ ಕಾಣಲಿಲ್ಲ.

ಗೆಳೆಯರೊಬ್ಬರು ‘ಕರ್ತೃವಾದ’ ಎನ್ನಿ ಎಂದರು. ಅದು ನಮ್ಮ ನ್ಯಾಯ ದರ್ಶನದವರ ದಾರಿ. ಮಡಕೆಗೆ ಕುಂಬಾರ ಇರುವಂತೆ ಭೂಮಿಗೂ ಒಬ್ಬ ಕರ್ತೃ ಬೇಕು ಎಂಬುದು ಉದಯನಾಚಾರ್ಯರ ‘ನ್ಯಾಯಕುಸುಮಾಂಜಲಿ’ಯಲ್ಲಿ ಬರುವ ವಾದ. ಅಲ್ಲಿನ ಪ್ರಶ್ನೆ, ಇದನ್ನು ಮಾಡಿದವರು ಯಾರು ಎಂದು. ಇಲ್ಲಿನದು ಗುರಿ ಮುಟ್ಟಿಸುವವರು ಯಾರು ಎಂದು.

‘ಹೂಟ’ ನನಗೆ ತುಂಬಾ ಹಿಡಿಸಿತ್ತು. ಬಾಣ ಹೂಡುತ್ತೇವೆ, ನೇಗಿಲು ಹೂಡುತ್ತೇವೆ. ಆದರೆ ಸಂಚನ್ನೂ ಹೂಡುತ್ತೇವೆ, ಅಲ್ವಾ? ‘ದೇವರ ಹೂಟ’ ಎಂದರೆ ಓದುವವರು ದೇವರ ಮೇಲೇ ಅನುಮಾನ ಪಟ್ಟಾರು.

ಸದ್ಯಕ್ಕೆ ‘ನಡೆಸು’ ಹತ್ತಿರ ನಿಂತಿದ್ದೇನೆ. ‘ಗುಬೆರ್ನಾತಿಯೋ’ದ ಬೇರು ಗ್ರೀಕಿನಲ್ಲಿದೆ. ಅಲ್ಲಿ ಅದಕ್ಕೆ ಹಡಗಿನ ಚುಕ್ಕಾಣಿ ಹಿಡಿದು ನಡೆಸುವುದು ಎಂಬ ಅರ್ಥ. ಆಮೇಲೆ ರಾಜ್ಯ ಆಳುವುದಕ್ಕೂ ಅದೇ ಪದ ಬಂತು. ಕನ್ನಡದಲ್ಲೂ ದೋಣಿ ನಡೆಸುತ್ತಾರೆ, ಸರ್ಕಾರ ನಡೆಸುತ್ತಾರೆ, ಸಂಸಾರವನ್ನೂ ನಡೆಸುತ್ತಾರೆ. ಇನ್ನೂ ಒಂದು ಲಾಭ ಇದೆ. ‘ನಡೆಸು’ ಎಂದಾಗ ನಡೆಯುವುದು ಆ ವಸ್ತುವೇ, ನಡೆಯುವಂತೆ ಮಾಡುವವನು ಇನ್ನೊಬ್ಬ. ಅಕ್ವಿನಾಸನಿಗೆ ಬೇಕಾಗಿದ್ದೂ ಅಷ್ಟೇ.

ತೊಂದರೆ ಇರುವುದು ಹೆಸರುಪದದಲ್ಲಿ. ‘ನಡೆಸುವಿಕೆಯ ವಾದ’ ಬಾಯಲ್ಲಿ ಹೊರಳುವುದಿಲ್ಲ. ‘ಆಳ್ವಿಕೆ’ ಎಂದರೆ ಸಿಂಹಾಸನ ಕಾಣಿಸುತ್ತದೆ, ಬಾಣ ಮರೆಯಾಗುತ್ತದೆ. ‘ಗುರಿವಾದ’ ಚಿಕ್ಕದು, ಆದರೆ ಅದರಲ್ಲಿ ಬಿಲ್ಲುಗಾರನೇ ಕಾಣೆ. ‘ನಡೆಸು’ವಿನಿಂದ ಇದಕ್ಕಿಂತ ಚಿಕ್ಕ ಹೆಸರುಪದ ಯಾವುದಾದರೂ ನಿಮ್ಮ ಕಡೆ ಬಳಕೆಯಲ್ಲಿದೆಯೇ? ದೋಣಿಯವರ ಮಾತಿನಲ್ಲಿದ್ದರಂತೂ ಖಂಡಿತ ತಿಳಿಸಿ.