ಸಹಾಯ ಬೇಕು: ಅರೋವಾನಾ ಕಿವಿರಿನ ಮುಚ್ಚಳ ಹೊರಗೆ ಮಡಚಿಕೊಳ್ಳುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಸಿಲ್ವರ್ ಅರೋವಾನಾ ಮೀನು ಈಗ 14 ಇಂಚು ಇದೆ. ಬೆರಳುದ್ದದ ಮರಿಯಾಗಿದ್ದಾಗ ತಂದಿದ್ದು. ಅಂಗಡಿಯವರು 4 ಅಡಿ ಟ್ಯಾಂಕ್ ಸಾಕು ಅಂದರು, ನಂಬಿಬಿಟ್ಟೆ. ಇದು ಸುಮಾರು 3 ಅಡಿವರೆಗೂ ಬೆಳೆಯುವ ಅಮೆಜಾನ್ ಮೀನು ಅಂತ ಆಮೇಲೆ ಗೊತ್ತಾಯಿತು. ಈಗಲೇ ಒಂದೂವರೆ ಅಡಿ ಅಗಲದಲ್ಲಿ ತಿರುಗುವುದಕ್ಕೆ ಪಾಪ ಒದ್ದಾಡುತ್ತದೆ.

ಮೂರು ವಾರದ ಹಿಂದೆ ಸೀಗಡಿ ಹಾಕುವಾಗ ಗಮನಿಸಿದೆ. ಎಡಗಡೆ ಮುಚ್ಚಳದ ಅಂಚಿನ ಮೆತ್ತನೆ ಪೊರೆ, ಪುಸ್ತಕದ ಹಾಳೆಯ ಮೂಲೆ ಮಡಚಿದ ಹಾಗೆ, ಹೊರಗೆ ಸುರುಳಿಯಾಗಿದೆ. ಒಳಗಿನ ಕೆಂಪು ಕಿವಿರು ಕಾಣುತ್ತದೆ. ಗಟ್ಟಿ ಮೂಳೆಯ ಭಾಗ ಇನ್ನೂ ನೆಟ್ಟಗಿದೆ. ಬಲಗಡೆ ಸರಿಯಾಗಿದೆ.

ನೀರು ಟೆಸ್ಟ್ ಮಾಡಿದೆ. ಅಮೋನಿಯಾ ಸೊನ್ನೆ, ಆದರೆ ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಸೇರಿಕೊಳ್ಳುವ ನೈಟ್ರೇಟ್ 80 ಪಿಪಿಎಂ! ತಿಂಗಳಿಗೊಮ್ಮೆ ಮಾತ್ರ ನೀರು ಬದಲಿಸುತ್ತಿದ್ದೆ, ತಪ್ಪು ನನ್ನದೇ. ಈಗ ವಾರಕ್ಕೆ ಎರಡು ಸಲ ಮೂರನೇ ಒಂದು ಭಾಗ ಬದಲಿಸುತ್ತಿದ್ದೇನೆ, ನೈಟ್ರೇಟ್ 30ಕ್ಕೆ ಇಳಿದಿದೆ. ಇನ್ನೊಂದು ಏರ್ ಪಂಪ್ ಹಾಕಿದೆ, ಪವರ್‌ಹೆಡ್ (ಟ್ಯಾಂಕ್ ಒಳಗೆ ನೀರು ತಳ್ಳುವ ಪುಟ್ಟ ಪಂಪ್) ಇಟ್ಟು ನೀರಿನ ಸೆಳೆತವನ್ನೂ ಜಾಸ್ತಿ ಮಾಡಿದೆ. ಸುರುಳಿ ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. 6 ಅಡಿ ಉದ್ದ, ಎರಡೂವರೆ ಅಡಿ ಅಗಲದ ಟ್ಯಾಂಕ್‌ಗೆ ಹೇಳಿದ್ದೇನೆ, ಬರುವುದಕ್ಕೆ ಇನ್ನೂ ಹದಿನೈದು ದಿನ.

ಗೊಂದಲ ಇಲ್ಲೇ. ಒಬ್ಬರು ಮೀನಿಗೆ ಅರಿವಳಿಕೆ ಕೊಟ್ಟು ಮಡಚಿದ ಪೊರೆಯನ್ನು ಕತ್ತರಿಸಿ, ಹೊಸದು ನೆಟ್ಟಗೆ ಬೆಳೆಯುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಮುಟ್ಟಲೇಬೇಡಿ ಅನ್ನುತ್ತಾರೆ. ನನಗಂತೂ ಕತ್ತರಿ ಹಿಡಿಯುವ ಧೈರ್ಯ ಇಲ್ಲ.

ಮೆತ್ತನೆ ಅಂಚು ಮಾತ್ರ ಮಡಚಿದ್ದಾಗ, ದೊಡ್ಡ ಟ್ಯಾಂಕ್ ಮತ್ತು ಒಳ್ಳೆಯ ನೀರಿನಿಂದಲೇ ನಿಮ್ಮ ಮೀನಿಗೆ ವಾಸಿಯಾಗಿದೆಯಾ? ಎಷ್ಟು ದಿನ ಹಿಡಿಯಿತು? ಕತ್ತರಿಸಲೇಬೇಕು ಅಂದರೆ, ಬೆಂಗಳೂರಿನಲ್ಲಿ ಮೀನು ನೋಡುವ ಪಶುವೈದ್ಯರು ಯಾರಾದರೂ ಇದ್ದಾರಾ?